ಅಳೆದು ತೂಗಿ ಕಟ್ಟುವ ಕಾರು: ಹಳೇ ಎಂಜಿಬಿಯ ತೂಕ ಇಳಿಸುವ ಬಗೆ

ನನ್ನ ಗ್ಯಾರೇಜಿನ ಗೋಡೆಯಲ್ಲಿ ಒಂದು ಮೊಳೆ ಇದೆ. ಅದಕ್ಕೆ ಒಂದು ಕೊಕ್ಕೆ ತಕ್ಕಡಿ ನೇತು ಹಾಕಿದ್ದೇನೆ. ಊರಿಗೆ ಹೊರಡುವ ಮುಂಚೆ ಸೂಟ್‌ಕೇಸ್ ತೂಗಲು ಕೊಂಡದ್ದು ಅದು. ಇಲ್ಲಿ ಇಂಗ್ಲೆಂಡಿನಲ್ಲಿ ಎರಡು ಚಳಿಗಾಲ ಕೂತು ಬ್ರಿಟಿಷ್ ಕಂಪನಿ ಎಂಜಿ ಮಾಡಿದ 1972ರ ಎಂಜಿಬಿ ರೋಡ್‌ಸ್ಟರ್ (ಗಟ್ಟಿ ಸೂರಿಲ್ಲದ ಸ್ಪೋರ್ಟ್ಸ್ ಕಾರು) ಒಂದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಸ್ಪ್ಯಾನರ್, ವೆಲ್ಡಿಂಗ್ ಮೆಷಿನ್ ಎಲ್ಲ ಸರಿ, ಆದರೆ ಆ ಕೆಲಸದಲ್ಲಿ ನನಗೆ ಜಾಸ್ತಿ ಬುದ್ಧಿ ಕಲಿಸಿದ್ದು ಈ ಪುಟ್ಟ ತಕ್ಕಡಿ. ಹಳೇ ಸ್ಪೋರ್ಟ್ಸ್ ಕಾರಿನ ತೂಕ ಇಳಿಸಬೇಕು ಅನ್ನುವವರು ಮೊದಲು ಕೊಳ್ಳಬೇಕಾದ ಸಾಮಾನು ಇದೇ.

ತೂಕ ಯಾಕೆ ಇಳಿಸಬೇಕು? ಲೆಕ್ಕ ಸುಲಭ. ಎಂಜಿಬಿ 1962ರಲ್ಲಿ ಬಂತು, 1980ರವರೆಗೆ ಅಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಎಂಜಿನ್ 1798 ಸಿಸಿ, ಶುರುವಿನಲ್ಲಿ ಹೇಳುತ್ತಿದ್ದ ಶಕ್ತಿ 95 ಅಶ್ವಶಕ್ತಿ, ತೂಕ ಸುಮಾರು 920 ಕೆಜಿ. ಇದರಲ್ಲಿ 50 ಕೆಜಿ ಇಳಿಸಿದರೆ ಎಂಜಿನ್ ಮುಟ್ಟದೆಯೇ 5 ಅಶ್ವಶಕ್ತಿ ಸೇರಿಸಿದ ಹಾಗೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಸೇರಿಸಿದ ಶಕ್ತಿ ವೇಗ ಹೆಚ್ಚಿಸುವಾಗ ಮಾತ್ರ ಸಿಗುತ್ತದೆ. ಇಳಿಸಿದ ತೂಕ ಬ್ರೇಕ್ ಹಿಡಿಯುವಾಗ, ತಿರುವಿನಲ್ಲಿ, ಟೈರ್ ಸವೆಯುವುದರಲ್ಲಿ, ಎಲ್ಲ ಕಡೆ ಸಿಗುತ್ತದೆ.

ಇದನ್ನು ಕಂಪನಿಗಳೇ ಮಾಡಿ ತೋರಿಸಿವೆ. ಪೋರ್ಶೆಯ 1973ರ ಕರೇರಾ ಆರ್‌ಎಸ್ 2.7 ಎರಡು ಬಗೆಯಲ್ಲಿ ಸಿಗುತ್ತಿತ್ತು. ಟೂರಿಂಗ್ ಮಾದರಿ 1075 ಕೆಜಿ, ಹಗುರ ಮಾದರಿ 960 ಕೆಜಿ. ಎಂಜಿನ್ ಎರಡರಲ್ಲೂ ಒಂದೇ. ಹಗುರ ಮಾದರಿಯಲ್ಲಿ ಹಿಂದಿನ ಸೀಟಿಲ್ಲ, ಗಡಿಯಾರವಿಲ್ಲ, ಗಾಜು ತೆಳು, ಬಾಗಿಲು ಎಳೆದುಕೊಳ್ಳಲು ಹಿಡಿಯ ಬದಲು ಒಂದು ಪಟ್ಟಿ. ಒಂದೊಂದೂ ಸಣ್ಣದೇ. ಹನಿ ಹನಿಗೂಡಿ 115 ಕೆಜಿಯ ಹಳ್ಳ ಆಯಿತು. ಎಂಜಿ ಕೂಡ ಓಟಕ್ಕಾಗಿ ಅಲ್ಯುಮಿನಿಯಂ ಫಲಕಗಳ ಎಂಜಿಸಿ ಜಿಟಿಎಸ್ ಅನ್ನುವ ಕಾರು ಕಟ್ಟಿತ್ತು. 1968ರಲ್ಲಿ ಅಮೆರಿಕದ ಸೀಬ್ರಿಂಗ್ 12 ಗಂಟೆ ಓಟದಲ್ಲಿ ಅದು ಹತ್ತನೆಯದಾಗಿ ಮುಗಿಸಿತು.

ನಾವು ಓಟಕ್ಕೆ ಹೋಗುತ್ತಿಲ್ಲ, ರಸ್ತೆಯಲ್ಲಿ ಓಡಿಸುತ್ತೇವೆ. ಹಾಗಾಗಿ ನಾನು ಎರಡು ನಿಯಮ ಇಟ್ಟುಕೊಂಡೆ. ತೂಗದೆ ಯಾವ ಭಾಗವೂ ಕಾರಿಗೆ ವಾಪಸ್ ಹೋಗಬಾರದು. ಮಾಡಿದ ಬದಲಾವಣೆ ಯಾವತ್ತಾದರೂ ಬೇಡವಾದರೆ ಹಳೆಯದನ್ನು ಬೋಲ್ಟ್ ಹಾಕಿ ಕೂರಿಸಲು ಬರಬೇಕು.

ಕಾಗದ ಪತ್ರ ಮೊದಲು ನೋಡಿ

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆಗೆ ಯೋಗ್ಯವೇ ಅಂತ ನೋಡುವ ವರ್ಷವರ್ಷದ ಎಂಒಟಿ ತಪಾಸಣೆಯಿಂದ ವಿನಾಯಿತಿ ಇದೆ. ಆದರೆ ಕಳೆದ 30 ವರ್ಷದಲ್ಲಿ ದೊಡ್ಡ ಬದಲಾವಣೆ ಮಾಡಿದ್ದರೆ ಅದು ಸಿಗುವುದಿಲ್ಲ. ಅಲ್ಲಿ ನೋಡುವುದು ಮುಖ್ಯವಾಗಿ ಚಾಸಿ (ಕಾರಿನ ಅಡಿಯ ಚೌಕಟ್ಟು) ಅಥವಾ ಬಾಡಿ ಶೆಲ್ (ಬೆಸೆದು ಕಟ್ಟಿದ ತಗಡಿನ ಮೈ), ಸಸ್ಪೆನ್ಶನ್ ಮತ್ತು ಸ್ಟೀರಿಂಗಿನ ಬಗೆ, ಎಂಜಿನ್. ಬಾನೆಟ್ ಬದಲಿಸಿದರೆ ಯಾರೂ ಕೇಳುವುದಿಲ್ಲ. ಶೆಲ್ ಕತ್ತರಿಸಿದರೆ ಕೇಳುತ್ತಾರೆ.

ಕರ್ನಾಟಕದಲ್ಲಿ ಹಳೇ ಬ್ರಿಟಿಷ್ ಕಾರು ಇಟ್ಟುಕೊಂಡವರು ಇನ್ನೂ ಜಾಗ್ರತೆಯಾಗಿರಬೇಕು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಕಾರು ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಶೆಲ್, ಎಂಜಿನ್ನಿನಲ್ಲಿ ಮಾರ್ಪಾಡು ಇರಬಾರದು ಎನ್ನುತ್ತದೆ ಅದು. ವಿಂಟೇಜ್ ನಂಬರ್ ಪ್ಲೇಟ್ ಬೇಕಿದ್ದರೆ ಈ ಲೇಖನದಲ್ಲಿ ನಿಮಗೆ ಬೇಕಾಗುವುದು ಕೆರೆದು ತೆಗೆಯುವ ಭಾಗ, ಬ್ಯಾಟರಿ ಮತ್ತು ನೋಟ್‌ಬುಕ್ಕಿನ ಭಾಗ. ಉಳಿದದ್ದಕ್ಕೆ ಕೈ ಹಾಕುವ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ.

ಕಾರು ತೂಗಿ, ಆಮೇಲೆ ಬಿಚ್ಚಿ

ಬಿಚ್ಚುವ ಮುಂಚೆ ಕಾರನ್ನು ನಾಲ್ಕು ಚಕ್ರಕ್ಕೂ ಬೇರೆ ಬೇರೆ ತಕ್ಕಡಿ ಇಟ್ಟು ತೂಗಿ. ಓಟದ ಕಾರು ನೋಡಿಕೊಳ್ಳುವ ಗ್ಯಾರೇಜುಗಳಲ್ಲಿ ಈ ಸೆಟ್ ಇರುತ್ತದೆ. ಅದಿಲ್ಲದಿದ್ದರೆ ವೇಬ್ರಿಡ್ಜ್‌ಗೆ ಹೋಗಿ ಮುಂದಿನ ಎರಡು ಚಕ್ರ ಹತ್ತಿಸಿ ಒಂದು ಸಲ, ಹಿಂದಿನ ಎರಡು ಹತ್ತಿಸಿ ಒಂದು ಸಲ ಬರೆದುಕೊಳ್ಳಿ. ಲಾರಿ ತೂಗುವ ವೇಬ್ರಿಡ್ಜಿಗೆ ಹತ್ತು ಇಪ್ಪತ್ತು ಕೆಜಿ ಲೆಕ್ಕಕ್ಕಿಲ್ಲ, ಹಾಗಾಗಿ ಅದರ ಅಂಕಿಯನ್ನು ಅಂದಾಜು ಅಂತಲೇ ಇಟ್ಟುಕೊಳ್ಳಿ.

ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು ಅನ್ನೋದನ್ನು ಬರೆಯಲು ಮರೆಯಬೇಡಿ. ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕೆಜಿ. ಐವತ್ತು ಲೀಟರ್ ಹಿಡಿಯುವ ಟ್ಯಾಂಕ್ ತುಂಬಿದ್ದಕ್ಕೂ ಖಾಲಿ ಇದ್ದಕ್ಕೂ 37 ಕೆಜಿ ವ್ಯತ್ಯಾಸ. ಇದನ್ನು ಬರೆಯದಿದ್ದರೆ ಎರಡು ವರ್ಷದ ಕೆಲಸದ ಲೆಕ್ಕವೇ ತಲೆಕೆಳಗು.

ಆಮೇಲೆ ನೋಟ್‌ಬುಕ್. ನನ್ನದರಲ್ಲಿ ನಾಲ್ಕು ಸಾಲು ಇತ್ತು: ಭಾಗದ ಹೆಸರು, ತೆಗೆದಾಗಿನ ತೂಕ, ಹಾಕಿದಾಗಿನ ತೂಕ, ಕಾರಿನಲ್ಲಿ ಅದು ಇರುವ ಜಾಗ. ಜಾಗ ಯಾಕೆ ಅಂದರೆ, ಎಲ್ಲ ಕಿಲೋಗಳೂ ಒಂದೇ ಅಲ್ಲ. ಮೇಲೆ ಇರುವ ಒಂದು ಕಿಲೋ ತಿರುವಿನಲ್ಲಿ ಕಾರನ್ನು ವಾಲಿಸುತ್ತದೆ. ಮೂತಿಯ ತುದಿಯಲ್ಲಿ, ಬಾಲದ ತುದಿಯಲ್ಲಿ ಇರುವ ಕಿಲೋ ಕಾರು ತಿರುಗಲು ತಡಮಾಡುವ ಹಾಗೆ ಮಾಡುತ್ತದೆ. ನಡುವೆ, ಕೆಳಗೆ ಇರುವ ಕಿಲೋ ಅಷ್ಟೇನೂ ಕಾಡುವುದಿಲ್ಲ. ಒಂದು ದಿನ ಸಂಜೆ ಕೂತು ಈ ನೋಟ್‌ಬುಕ್ ನೋಡಿದರೆ ಎಲ್ಲಿ ದುಡ್ಡು ಹಾಕಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ.

ಕಾಸಿಲ್ಲದೆ ಇಳಿಯುವ ತೂಕ

ಅಂಗಡಿಯಿಂದ ಹೊಸದು ತರುವ ಮುಂಚೆ, ಕಾರಿಗೆ ಐವತ್ತು ವರ್ಷದಲ್ಲಿ ಮೆತ್ತಿಕೊಂಡದ್ದನ್ನು ತೆಗೆಯಿರಿ. ನನಗೆ ಇದು ರಿಸ್ಟೋರೇಶನ್ನಿನ ಬಹಳ ಇಷ್ಟದ ಭಾಗ. ಇಲ್ಲಿ ಕಾರಿನ ಮೂಲ ರೂಪಕ್ಕೆ ಒಂದಿಷ್ಟೂ ಧಕ್ಕೆ ಇಲ್ಲ. ಕಾರು ಹುಟ್ಟಿದಾಗ ಹೇಗಿತ್ತೋ ಆ ಕಡೆಗೇ ಹೋಗುತ್ತಿರುತ್ತೇವೆ.

ಮೊದಲನೆಯದು ನೆಲಕ್ಕೆ ಅಂಟಿಸಿದ ಟಾರ್ ಹಾಳೆ. ಸದ್ದು ಕಡಿಮೆ ಮಾಡಲು ಹಾಕಿದ್ದು. ಬಿಸಿ ಗಾಳಿ ಊದಿ ಕೆರೆಯಲು ಹೋದರೆ ಅದು ಹಲಸಿನ ಮೇಣದ ಹಾಗೆ ಕೈಗೆ, ಉಳಿಗೆ, ಬಟ್ಟೆಗೆ ಅಂಟುತ್ತದೆ. ನಾನು ಮೊದಲ ಅರ್ಧ ದಿನ ಹಾಗೇ ಒದ್ದಾಡಿದೆ. ದಾರಿ ತಣ್ಣಗಿನದು: ಡ್ರೈ ಐಸ್. ಮೈನಸ್ 78 ಡಿಗ್ರಿಯ ಆ ಬಿಳಿ ತುಂಡುಗಳನ್ನು ಹಾಳೆಯ ಮೇಲೆ ಹರಡಿ, ಮೇಲೆ ಒಂದು ಹಳೇ ಟವೆಲ್ ಮುಚ್ಚಿ, ಹತ್ತು ನಿಮಿಷ ಬಿಡಿ. ಸ್ವಲ್ಪ ಹೊತ್ತಿಗೆ ಟಕ್ ಟಕ್ ಅಂತ ಸದ್ದು ಬರಲು ಶುರು. ಟಾರ್ ಕುಗ್ಗುತ್ತಾ ತಗಡನ್ನು ಬಿಡುತ್ತಿರುವ ಸದ್ದು ಅದು. ಟವೆಲ್ ಸರಿಸಿ ರಬ್ಬರ್ ಸುತ್ತಿಗೆಯಿಂದ ಒಂದು ತಟ್ಟು ತಟ್ಟಿದರೆ ಹಾಳೆ ಕಡಲೆಕಾಯಿ ಚಿಕ್ಕಿಯ ಹಾಗೆ ಚೂರುಚೂರು. ಕೆಳಗೆ ಕಾರ್ಖಾನೆಯ ಬಣ್ಣ ಹಾಗೇ ಹೊಳೆಯುತ್ತಿರುತ್ತದೆ. ಚೂರುಗಳನ್ನು ಬಕೆಟ್ಟಿಗೆ ತುಂಬಿ ಕೊಕ್ಕೆಗೆ ತಗುಲಿಸಿದಾಗ ಬಕೆಟ್ಟಿನ ಹಿಡಿಯೇ ಬಾಗಿತು.

ಒಂದು ಮಾತು ಮರೆಯಬೇಡಿ. ಡ್ರೈ ಐಸ್ ಕರಗದೆ ನೇರ ಇಂಗಾಲದ ಡೈಆಕ್ಸೈಡ್ ಅನಿಲ ಆಗುತ್ತದೆ, ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿರಲಿ, ಕಾರಿನೊಳಗೆ ತಲೆ ಹಾಕಿ ಕೂರಬೇಡಿ, ದಪ್ಪ ಕೈಗವಸು ಇಲ್ಲದೆ ಮುಟ್ಟಬೇಡಿ. ಹಾಗೆಯೇ ಆ ಕಾಲದ ಬ್ರೇಕ್ ಲೈನಿಂಗ್, ಕ್ಲಚ್, ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಆ ಧೂಳನ್ನು ಊದಬೇಡಿ, ಒದ್ದೆ ಮಾಡಿ ಒರೆಸಿ ತೆಗೆಯಿರಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಉಜ್ಜುವಾಗ ಒಳ್ಳೆಯ ಮಾಸ್ಕ್ ಬೇಕೇ ಬೇಕು.

ಎರಡನೆಯದು ಪುಟ್ಟಿ. ಹಿಂದೆ ಟಿಂಕರಿಂಗ್ ಮಾಡಿದವರು ತಗಡನ್ನು ತಟ್ಟಿ ಸರಿಮಾಡದೆ ಪುಟ್ಟಿ ಮೆತ್ತಿದ್ದರೆ ಅದು ಎಷ್ಟು ತೂಗುತ್ತದೆ ಗೊತ್ತಾ? ಒಂದು ಚದರ ಮೀಟರ್ ಜಾಗಕ್ಕೆ 3 ಮಿಲಿಮೀಟರ್ ದಪ್ಪ ಅಂದರೆ 3 ಲೀಟರ್ ಪುಟ್ಟಿ. ಹಗುರ ಜಾತಿಯದಾದರೂ 3 ಕೆಜಿ, ಮಾಮೂಲಿ ಪುಟ್ಟಿ 5 ಕೆಜಿ ದಾಟುತ್ತದೆ. ಕಾರಿನ ಮೈಮೇಲೆ ಅಯಸ್ಕಾಂತ ಆಡಿಸುತ್ತಾ ಹೋದರೆ ಎಲ್ಲಿ ಹಿಡಿತ ಬಿಡುತ್ತದೋ ಅಲ್ಲಿ ಪುಟ್ಟಿ ದಪ್ಪಗಿದೆ ಅಂತ ಅರ್ಥ.

ಮೂರನೆಯದು ತಗಡಿನ ಮೇಲೆ ತಗಡು. ನನ್ನ ಕಾರಿನ ಎಡಗಡೆ ನೆಲದಲ್ಲಿ ಮೂರು ಪದರ ಇತ್ತು. ತುಕ್ಕು ಹಿಡಿದದ್ದನ್ನು ಕತ್ತರಿಸದೆ ಅದರ ಮೇಲೇ ಒಂದು ತೇಪೆ, ಅದು ಹೋದಮೇಲೆ ಅದರ ಮೇಲೊಂದು. ಎಲ್ಲ ಕತ್ತರಿಸಿ ಒಂದೇ ಹೊಸ ತಗಡನ್ನು ಅಂಚಿಗೆ ಅಂಚು ಕೂಡಿಸಿ ವೆಲ್ಡ್ ಮಾಡಿದಾಗ ತೂಕ ಇಳಿಯಿತು, ಗಟ್ಟಿತನ ಜಾಸ್ತಿಯಾಯಿತು.

ಕೈ ಹಾಕಬಾರದ ಜಾಗ

ಎಂಜಿಬಿಗೆ ಅದರ ಹಿಂದಿನ ಎಂಜಿಎ ಹಾಗೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಬೆನ್ನೆಲುಬು. ಅದರಲ್ಲೂ ರೋಡ್‌ಸ್ಟರ್‌ಗೆ ತಲೆಯ ಮೇಲೆ ಸೂರಿಲ್ಲ. ಹಾಗಾಗಿ ಬಾಗಿಲಿನ ಕೆಳಗಿನ ಸಿಲ್ ಭಾರದ ದೊಡ್ಡ ಪಾಲನ್ನು ಹೊರುತ್ತದೆ. ಹೊರಗಿನ ಸಿಲ್, ಒಳಗಿನ ಸಿಲ್, ನಡುವೆ ನಿಂತ ತೆಳು ಗೋಡೆ, ಕೆಳಗೆ ಕ್ಯಾಸಲ್ ರೈಲ್ ಅನ್ನುವ ಉದ್ದ ಪಟ್ಟಿ. ಈ ನಾಲ್ಕೂ ಸೇರಿ ಒಂದು ಪೆಟ್ಟಿಗೆ. ಇದರಲ್ಲಿ ತೂತು ಕೊರೆದು ತೂಕ ಇಳಿಸುವ ಆಸೆ ಬೇಡ. ಕ್ರಾಸ್ ಮೆಂಬರ್ (ಅಡ್ಡ ತೊಲೆ), ಸೀಟ್ ಬೆಲ್ಟ್ ಹಿಡಿಯುವ ಜಾಗ, ಸ್ಟೀರಿಂಗ್ ಕಾಲಂ, ಬಾಗಿಲು ಇವೂ ಹಾಗೆಯೇ. ಫೈಬರ್ ಬಾಗಿಲು ಮಾರುತ್ತಾರೆ. ಪಕ್ಕದಿಂದ ಯಾರಾದರೂ ಬಂದು ಗುದ್ದಿದರೆ ನಮಗೂ ಅವರಿಗೂ ನಡುವೆ ಇರುವುದು ಆ ಬಾಗಿಲೊಂದೇ. ನಾನು ಸ್ಟೀಲ್ ಬಾಗಿಲನ್ನೇ ಉಳಿಸಿಕೊಂಡೆ.

ಸಿಲ್ ಬದಲಿಸಬೇಕಾಗಿ ಬಂದರೆ ಬಾಗಿಲಿನ ಕಿಂಡಿಗೆ ಅಡ್ಡಲಾಗಿ ಕಬ್ಬಿಣದ ಪೈಪ್ ಬೋಲ್ಟ್ ಮಾಡಿ, ಒಂದೊಂದೇ ಬದಿ ಮಾಡಿ, ಪ್ರತಿ ವೆಲ್ಡ್ ಆದಮೇಲೂ ಬಾಗಿಲು ಕೂರಿಸಿ ಸುತ್ತಲಿನ ಸಂದು ಅಳೆಯಿರಿ. ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತಿದ್ದರೆ ಕಾರು ನಡುವೆ ಕುಸಿಯುತ್ತಿದೆ. ಅಲ್ಲೇ ನಿಲ್ಲಿಸಿ. ಶೆಲ್ ತೀರಾ ಹಾಳಾಗಿದ್ದರೆ ಹೊಸದೇ ಸಿಗುತ್ತದೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ 1988ರಿಂದ ಎಂಜಿಬಿ ಶೆಲ್ ಮಾಡುತ್ತಿದೆ.

ತಿರುಗುವ ತೂಕಕ್ಕೆ ಮೊದಲ ದುಡ್ಡು

ಈಗ ಖರ್ಚು ಮಾಡುವ ಸರದಿ. ನನ್ನನ್ನು ಕೇಳಿದರೆ ಮೊದಲ ದುಡ್ಡು ಚಕ್ರಕ್ಕೆ. ಕಾರು ಮುಂದೆ ಹೋಗುವಾಗ ಚಕ್ರ ಎರಡು ಕೆಲಸ ಮಾಡುತ್ತದೆ: ಮುಂದಕ್ಕೂ ಹೋಗುತ್ತದೆ, ತಿರುಗುತ್ತಲೂ ಇರುತ್ತದೆ. ಟೈರಿನ ಅಂಚಿನಲ್ಲಿರುವ 1 ಕೆಜಿಯನ್ನು ವೇಗಕ್ಕೆ ತರಲು ಸೀಟಿನ ಮೇಲಿಟ್ಟ 2 ಕೆಜಿಗೆ ಬೇಕಾಗುವಷ್ಟು ಶಕ್ತಿ ಬೇಕು. ಜೊತೆಗೆ ಚಕ್ರದ ತೂಕ ಸ್ಪ್ರಿಂಗಿನ ಕೆಳಗಿರುವ ತೂಕ. ಗುಂಡಿ ಹಾರಿದಾಗ ಚಕ್ರ ಬೇಗ ರಸ್ತೆಗೆ ಮರಳಬೇಕಾದರೆ ಅದು ಹಗುರವಾಗಿರಬೇಕು.

ತಂತಿ ಕಡ್ಡಿಯ ಚಕ್ರ ಕಣ್ಣಿಗೆ ಹಗುರ ಕಾಣುತ್ತದೆ. ಎತ್ತಿ ನೋಡಿ, ಹಾಗಿಲ್ಲ. ಒಳಗೆ ಟ್ಯೂಬ್ ಬೇರೆ ಬೇಕು. 14 ಇಂಚಿನ ಒಳ್ಳೆಯ ಅಲಾಯ್ ಚಕ್ರ, ಮೂಲಕ್ಕಿಂತ ತುಂಬಾ ಅಗಲವಲ್ಲದ ಟೈರ್, ಇಷ್ಟು ಸಾಕು. ಅಗಲದ ಟೈರ್ ಹಾಕಿದರೆ ಇಳಿಸಿದ್ದೆಲ್ಲ ವಾಪಸ್ ಬರುತ್ತದೆ, ಸ್ಟೀರಿಂಗೂ ಭಾರ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಕೊಕ್ಕೆ ಹಾಕಿ ತೂಗಿ. ಚಕ್ರದ ತೂಕವನ್ನು ಪೆಟ್ಟಿಗೆಯ ಮೇಲೆ ಬರೆಯದವರೇ ಜಾಸ್ತಿ.

ಎಂಜಿನ್ ಬಿಚ್ಚಿದ್ದರೆ ಫ್ಲೈವೀಲ್, ಅಂದರೆ ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರದ ಬಗ್ಗೆಯೂ ಯೋಚಿಸಬಹುದು. ಅದರ ಅಂಚಿನ ತೂಕ ಇಳಿಸಿದರೆ ಎಂಜಿನ್ ಚುರುಕಾಗಿ ಏರುತ್ತದೆ. ಆದರೆ ಇದು ಮನೆಯ ಕೆಲಸವಲ್ಲ. ಜಾಸ್ತಿ ತೆಳುವಾದ ಎರಕದ ಫ್ಲೈವೀಲ್ ವೇಗದಲ್ಲಿ ಒಡೆದರೆ ಅದು ಕೂರುವುದು ಕಾರಿನೊಳಗಿರುವವರ ಕಾಲಿನ ಹತ್ತಿರ. ಅನುಭವ ಇರುವ ಲೇತ್ ಅಂಗಡಿಯಲ್ಲೇ ಮಾಡಿಸಿ, ಇಲ್ಲ ಸ್ಟೀಲಿನ ಹಗುರ ಫ್ಲೈವೀಲ್ ಕೊಳ್ಳಿ, ಕ್ಲಚ್ ಜೊತೆ ಸೇರಿಸಿ ಬ್ಯಾಲೆನ್ಸ್ ಮಾಡಿಸಿ. ತೀರಾ ಹಗುರವಾದರೆ ಟ್ರಾಫಿಕ್ಕಿನಲ್ಲಿ ಎಂಜಿನ್ ಆಗಾಗ ಆಫ್ ಆಗುತ್ತದೆ, ಅದನ್ನೂ ಯೋಚಿಸಿ.

ಮೂತಿ ಹಗುರ ಮಾಡಿ

ಎಂಜಿಬಿಯ ಎಂಜಿನ್ ಬ್ಲಾಕ್, ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ ಎರಡೂ ಎರಕದ ಕಬ್ಬಿಣ. ಮುಂದಿನ ತೂಕ ಎಲ್ಲಿಂದ ಬರುತ್ತದೆ ಅಂತ ಇನ್ನು ಹೇಳಬೇಕಿಲ್ಲ. ಅಲ್ಯುಮಿನಿಯಂ ಹೆಡ್ ಸಿಗುತ್ತದೆ. ದುಬಾರಿ, ಆದರೆ ಇನ್ನೊಂದು ಉಪಕಾರವೂ ಇದೆ: ಅದರಲ್ಲಿ ಗಟ್ಟಿ ವಾಲ್ವ್ ಸೀಟ್ ಇರುತ್ತದೆ. ಸೀಸದ ಪೆಟ್ರೋಲ್ ಹೋದಮೇಲೆ ಹಳೇ ಹೆಡ್ಡಿಗೆ ಹೇಗೂ ಆ ಕೆಲಸ ಮಾಡಿಸಬೇಕಾಗುತ್ತದೆ, ಅಲ್ವಾ. ಅಲ್ಯುಮಿನಿಯಂ ಹಾಕಿದರೆ ರೇಡಿಯೇಟರಿಗೆ ಬರೀ ನೀರು ಹಾಕಬೇಡಿ, ಒಳ್ಳೆಯ ಕೂಲಂಟ್ ಹಾಕಿ. ಇಲ್ಲವಾದರೆ ಒಳಗಿಂದ ತಿಂದುಹಾಕುತ್ತದೆ.

ಕಡಿಮೆ ಖರ್ಚಿನ ಕೆಲಸ ಬೇಕೆಂದರೆ ಸ್ಟಾರ್ಟರ್. ಹಳೆಯದನ್ನು ಒಂದು ಕೈಯಲ್ಲಿ ಹಿಡಿದು ಬೋಲ್ಟ್ ಬಿಚ್ಚುವಾಗ ಮಣಿಕಟ್ಟು ಸೋಲುತ್ತದೆ. ಈಗಿನ ಗೇರ್ ಇರುವ ಸಣ್ಣ ಸ್ಟಾರ್ಟರ್ ಅದರ ಮುಂದೆ ಮಗು, ಎಂಜಿನ್ ಕೂಡ ಬೇಗ ತಿರುಗುತ್ತದೆ. 1967ಕ್ಕಿಂತ ಹಿಂದಿನ ಕಾರಾದರೆ ಡೈನಮೋ ಇರುತ್ತದೆ. ಅದನ್ನು ಆಲ್ಟರ್ನೇಟರ್ ಮಾಡುವಾಗ ಆ ಕಾರುಗಳು ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಮೈಗೆ ಸೇರಿರುತ್ತದೆ ಅನ್ನುವುದು ನೆನಪಿರಲಿ. ಮೊದಲು ನೆಗೆಟಿವ್‌ಗೆ ಬದಲಿಸಿ.

ಬಾನೆಟ್ ವಿಷಯ ಚೆನ್ನಾಗಿದೆ. ಶುರುವಿನ ವರ್ಷಗಳ ಎಂಜಿಬಿಗೆ ಕಾರ್ಖಾನೆಯಿಂದಲೇ ಅಲ್ಯುಮಿನಿಯಂ ಬಾನೆಟ್ ಬರುತ್ತಿತ್ತು, ಆಮೇಲೆ ಸ್ಟೀಲ್ ಮಾಡಿದರು. ಹಾಗಾಗಿ ಅಲ್ಯುಮಿನಿಯಂ ಬಾನೆಟ್ ಹಾಕಿದರೆ ಕಾರಿನ ಕುಲಕ್ಕೆ ಏನೂ ಕುಂದಿಲ್ಲ. 1 ಮಿಲಿಮೀಟರ್ ದಪ್ಪದ ಸ್ಟೀಲ್ ತಗಡು ಚದರ ಮೀಟರಿಗೆ 7.85 ಕೆಜಿ. 1.2 ಮಿಲಿಮೀಟರ್ ಅಲ್ಯುಮಿನಿಯಂ 3.2 ಕೆಜಿ. ಹಿಂಜ್ ಮತ್ತು ಲಾಕ್ ಕೂರುವ ಕಡೆ ಸ್ಟೀಲಿಗೂ ಅಲ್ಯುಮಿನಿಯಂಗೂ ನಡುವೆ ನೈಲಾನ್ ವಾಷರ್ ಹಾಕಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ, ಎರಡು ಲೋಹ ನೇರ ತಾಗಿದರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಮಂಗಳೂರು, ಕಾರವಾರದ ಕಡಲ ಗಾಳಿಗೂ ಇದೇ ಮಾತು.

1974ರ ಕೊನೆಯಿಂದ ಬಂದ ಕಪ್ಪು ರಬ್ಬರ್ ಬಂಪರಿನ ಕಾರಾದರೆ ಆ ಬಂಪರಿನೊಳಗೆ ದಪ್ಪ ಸ್ಟೀಲ್ ಇದೆ, ಅದೂ ಮೂತಿ ಮತ್ತು ಬಾಲದ ತುದಿಯಲ್ಲಿ. ಕ್ರೋಮ್ ಬಂಪರಿಗೆ ಬದಲಿಸಿದರೆ ದೊಡ್ಡ ಲಾಭ. ಆದರೆ ಅಮೆರಿಕದ ನಿಯಮಕ್ಕಾಗಿ ಆ ಕಾರುಗಳನ್ನು ಎತ್ತರಿಸಿದ್ದರು. ಎತ್ತರ ಹಾಗೇ ಬಿಟ್ಟು ಬಂಪರ್ ಮಾತ್ರ ತೆಗೆದರೆ ಕೆಲಸ ಅರ್ಧವಾದ ಹಾಗೆ.

ಬ್ಯಾಟರಿ ಮತ್ತು ಒಳಗಿನ ಸಾಮಾನು

ನನ್ನ ಕಾರಿನ ಕಾಲದಲ್ಲಿ ಸೀಟಿನ ಹಿಂದೆ, ನೆಲದ ಕೆಳಗೆ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತಿದ್ದವು. ಎರಡೂ ತೆಗೆದು 12 ವೋಲ್ಟಿನ ಒಂದೇ ಸಣ್ಣ ಬ್ಯಾಟರಿ ಹಾಕಿ. ಯಾವ ಬದಿಗೆ? ಡ್ರೈವರ್ ಕೂರದ ಬದಿಗೆ. ಹೆಚ್ಚು ಹೊತ್ತು ಒಬ್ಬರೇ ಓಡಿಸುವ ಕಾರು ಇದು. ಖರ್ಚಿಲ್ಲದೆ ಎಡ ಬಲದ ತೂಕ ಸ್ವಲ್ಪ ಸರಿಹೋಗುತ್ತದೆ. ಲಿಥಿಯಂ ಬ್ಯಾಟರಿ ಇನ್ನೂ ಹಗುರ, ಆದರೆ ಹಳೇ ಆಲ್ಟರ್ನೇಟರಿನ ರೆಗ್ಯುಲೇಟರ್ ಅದಕ್ಕೆ ಹೊಂದುತ್ತದೆಯೇ ಅಂತ ಖಾತ್ರಿ ಮಾಡಿಕೊಳ್ಳದೆ ಹಾಕಬೇಡಿ.

ಟಾರ್ ಹಾಳೆ ತೆಗೆದ ಮೇಲೆ ನೆಲ ತಮಟೆಯ ಹಾಗೆ ಬಡಿಯುತ್ತದೆ ಅನ್ನುವ ಭಯ ಬೇಡ. ಸದ್ದು ಮಾಡುವುದು ತಗಡಿನ ನಡುಭಾಗ. ಈಗಿನ ತೆಳು ಹಾಳೆಯನ್ನು ಪ್ರತಿ ಫಲಕದ ನಡುವೆ, ಕಾಲುಭಾಗ ಮುಚ್ಚುವಷ್ಟು ಅಂಟಿಸಿದರೆ ಸಾಕು. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಅನ್ನುತ್ತಿದ್ದದ್ದು ಧಬ್ ಅನ್ನುತ್ತದೆ.

ಹೀಟರ್ ತೆಗೆಯಬೇಡಿ. ಅದರ ಪೆಟ್ಟಿಗೆ ಭಾರ, ಕೂರಿಸುವುದು ದೊಡ್ಡ ತಲೆನೋವು, ಸುಮ್ನೆ ತೆಗೆದುಬಿಡೋಣ ಅನ್ನಿಸುತ್ತದೆ. ಆದರೆ ಮಳೆಯಲ್ಲಿ ಗಾಜಿನ ಮಂಜು ತೆಗೆಯುವುದು ಅದೇ. ಸ್ಪೇರ್ ಚಕ್ರವನ್ನು ಊರೊಳಗೆ ಓಡಿಸುವಾಗ ಮನೆಯಲ್ಲಿ ಬಿಡಿ, ದೂರ ಹೋಗುವಾಗ ಒಯ್ಯಿರಿ. ಡಿಕ್ಕಿಯಲ್ಲಿ ಬಿದ್ದಿರುವ ಹಳೇ ಜ್ಯಾಕ್, ಆಯಿಲ್ ಡಬ್ಬ, ಸರಪಳಿಗಳನ್ನು ಒಂದು ಸಲ ಹೊರಗಿಟ್ಟು ತೂಗಿ ನೋಡಿ.

ಬೋಲ್ಟುಗಳಿಗೆ ಬಂದರೆ, ಅಲ್ಯುಮಿನಿಯಂ ಬೋಲ್ಟ್ ಬ್ರೇಕಿಗೆ, ಸಸ್ಪೆನ್ಶನ್ನಿಗೆ, ಸ್ಟೀರಿಂಗಿಗೆ ಬೇಡವೇ ಬೇಡ. ಉಳಿಯುವುದು ಗ್ರಾಂ ಲೆಕ್ಕ, ಹೋಗುವುದು ಪ್ರಾಣ.

ಹಗುರವಾದ ಮೇಲೆ ಮಾಡಬೇಕಾದ್ದು

ಇದನ್ನು ಬಹಳ ಜನ ಮರೆಯುತ್ತಾರೆ, ನಾನೂ ಮರೆತಿದ್ದೆ. ತೂಕ ಇಳಿದಾಗ ಸ್ಪ್ರಿಂಗ್ ಮೇಲೇಳುತ್ತದೆ. ಕಾರು ಎತ್ತರಕ್ಕೆ ನಿಲ್ಲುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ನೂರೈವತ್ತು ಮೈಲಿ ಓಡಿಸಿ ಸ್ಪ್ರಿಂಗ್ ಕೂತ ಮೇಲೆ ಎತ್ತರ ಅಳೆದು, ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ತಿದ್ದಿ.

ಬ್ರೇಕ್ ಇನ್ನೂ ಮುಖ್ಯ. ಹಿಂಭಾಗ ಹಗುರವಾದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಸುತ್ತಿಬಿಡಬಹುದು. ನಾನು ಮೊದಲ ಸಲ ಓಡಿಸಿದಾಗ, ಒದ್ದೆ ರಸ್ತೆಯಲ್ಲಿ, ಬರೀ 30 ಮೈಲಿ ವೇಗದಲ್ಲಿ ಹಿಂಭಾಗ ಎಡಕ್ಕೆ ಸರಿಯಿತು. ಎದುರಿಗೆ ಯಾರೂ ಇರಲಿಲ್ಲ, ಬಚಾವಾದೆ. ಹಿಂದಿನ ಡ್ರಮ್ಮಿಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರನ್ನು ಸಣ್ಣ ಅಳತೆಯದು ಹಾಕಿಸಿದ ಮೇಲೆ ಸರಿಹೋಯಿತು. ನೀವು ಹಾಗೆ ಕಲಿಯಬೇಡಿ. ಖಾಲಿ ಜಾಗದಲ್ಲಿ, ಮೊದಲು ಒಣ ನೆಲದಲ್ಲಿ, ಆಮೇಲೆ ಒದ್ದೆ ನೆಲದಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ ಯಾವ ಚಕ್ರ ಮೊದಲು ನಿಲ್ಲುತ್ತದೆ ಅಂತ ನೋಡಿಸಿ. ಮುಂದಿನದು ಮೊದಲು ನಿಲ್ಲಬೇಕು.

ನಂತರ ಮತ್ತೆ ನಾಲ್ಕು ತಕ್ಕಡಿಯ ಮೇಲೆ ಹತ್ತಿಸಿ. ಈ ಸಲ ಪೆಟ್ರೋಲ್ ಅಷ್ಟೇ ಇರಲಿ, ಡ್ರೈವರ್ ಸೀಟಿನಲ್ಲಿ ನೀವೇ ಕೂತ ಅಂಕಿಯೂ ಬೇರೆ ಇರಲಿ. ವಿಮೆಯವರಿಗೆ ಏನೇನು ಬದಲಿಸಿದಿರಿ ಅಂತ ಬರೆದು ತಿಳಿಸಿ. ಹಳೇ ಸ್ಟೀಲ್ ಬಾನೆಟ್, ಕಬ್ಬಿಣದ ಹೆಡ್, ಸ್ಟಾರ್ಟರ್ ಇವನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ, ಬಟ್ಟೆ ಸುತ್ತಿ, ಕಾರಿನ ನಂಬರ್ ಮತ್ತು ತೂಕ ಬರೆದ ಚೀಟಿ ಕಟ್ಟಿ ಅಟ್ಟದ ಮೇಲಿಡಿ. ನೋಟ್‌ಬುಕ್ಕೂ ಅದರ ಜೊತೆಗೇ ಇರಲಿ. ಮುಂದೆ ಈ ಕಾರು ಯಾರ ಕೈಗೆ ಹೋಗುತ್ತದೋ ಅವರಿಗೆ ಬೇಕಾಗುತ್ತದೆ.